ಎರಡನೇ ಸಲ ಕೇಳಿದರೆ

ಶಿಕ್ಷಕರ ತರಬೇತಿ ಕಾಲೇಜಿನ ಗಣಿತದ ಮೇಡಂ ಅವರಿಗೆ ಮೊಬೈಲ್ ಕಂಡರೆ ಆಗುತ್ತಿರಲಿಲ್ಲ. ಆದರೆ ಪರೀಕ್ಷೆಯಲ್ಲಿ ಅರ್ಧ ತರಗತಿ ಮಕಾಡೆ ಮಲಗಿದಾಗ ಪ್ರಿನ್ಸಿಪಾಲರು ಕರೆದು, "ಲೆಕ್ಕ ಬಿಡಿಸೋ ಆ್ಯಪ್ ಕೊಟ್ಟು ನೋಡಿ ಮೇಡಂ. ನಾಳೆ ಮಕ್ಕಳಿಗೆ ಪಾಠ ಹೇಳಬೇಕಾದವರು ಇವರೇ ಅಲ್ವಾ?" ಎಂದರು. ಮೇಡಂ ಹಲ್ಲು ಕಚ್ಚಿಕೊಂಡು ಒಪ್ಪಿದರು.

ಒಪ್ಪಿದ ಮೇಲೆ ಕಾಟಾಚಾರಕ್ಕೆ ಮಾಡುವ ಜಾಯಮಾನ ಅವರದಲ್ಲ. ಫೇಲಾದವರನ್ನು ಸಂಜೆ ಕೂರಿಸಿಕೊಂಡು, ಲೆಕ್ಕದ ಫೋಟೊ ಹೊಡೆದು, ಆ್ಯಪ್ ತೋರಿಸುವ ಹಂತಗಳನ್ನು ಓದಿ, ಫೋನು ಬದಿಗಿಟ್ಟು ಅದೇ ಲೆಕ್ಕವನ್ನು ತಾವೇ ಬಿಡಿಸುವ ರೂಢಿ ಮಾಡಿಸಿದರು. ಎಲ್ಲರಿಗಿಂತ ಹಿಂದಿದ್ದವಳು ಇಬ್ಬರು ಮಕ್ಕಳ ತಾಯಿ; ತರಗತಿಗೆಲ್ಲ ಅವಳು ಅಕ್ಕ. ಭಿನ್ನರಾಶಿ ಕಂಡರೆ ಅವಳು ಪುಟ ಮಗುಚಿಬಿಡುತ್ತಿದ್ದಳು. ಮುಂದಿನ ಪರೀಕ್ಷೆಯಲ್ಲಿ ಅದೇ ಅಕ್ಕ ತರಗತಿಗೇ ಎರಡನೆಯವಳಾದಳು.

ಮೇಡಂ ಅವಳನ್ನು ಸ್ಟಾಫ್ ರೂಮಿಗೆ ಕರೆದು ಬೆನ್ನು ತಟ್ಟಿದರು. "ನಾನೂ ಅದನ್ನೇ ಹೇಳ್ತಿದ್ನಲ್ಲ, ಆಗ ಯಾಕೆ ತಲೆಗೆ ಹತ್ತಲಿಲ್ಲ?"

ಅಕ್ಕ ನೆಲ ನೋಡಿದಳು. "ನಿಮ್ಮನ್ನ ಕೇಳೋಕೆ ಭಯ ಮೇಡಂ. ಎರಡನೇ ಸಲ ಕೇಳಿದ್ರೆ ಎಲ್ಲರ ಮುಂದೆ ಮರ್ಯಾದೆ ಹೋಗ್ತಿತ್ತು. ಆ್ಯಪ್ ಆದ್ರೆ ಎಷ್ಟು ಸಲ ಕೇಳಿದ್ರೂ ಬೈಯಲ್ಲ."

ಮೇಡಂ ಅವರಿಗೆ ಕೆನ್ನೆಗೆ ಹೊಡೆದಂತಾಯಿತು. ಅವಳು ಹೇಳಿದ್ದು ಸುಳ್ಳಲ್ಲ ಎಂಬುದೇ ಹೆಚ್ಚು ಉರಿಯಿತು. ಮೇಡಂ "ಸರಿ, ಹೋಗು" ಎಂದಷ್ಟೇ ಹೇಳಿದರು.

ಮರುವಾರ ಹತ್ತಿರದ ಶಾಲೆಯಲ್ಲಿ ಅಕ್ಕನ ಪ್ರಾಯೋಗಿಕ ಪಾಠ. ಮೇಡಂ ಅಂಕ ಹಾಕಲು ಕೊನೆಯ ಬೆಂಚಿನಲ್ಲಿ ಕೂತರು. ಭಿನ್ನರಾಶಿಯ ಭಾಗಾಕಾರವನ್ನು ಅಕ್ಕ ನೀರು ಕುಡಿದಷ್ಟು ಸಲೀಸಾಗಿ ಬೋರ್ಡಿನ ಮೇಲೆ ಬಿಡಿಸಿದಳು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಎರಡನೇದನ್ನ ಯಾಕೆ ತಲೆಕೆಳಗೆ ಮಾಡಿದ್ರಿ?"

ಅಕ್ಕ ಮತ್ತೆ ಅದೇ ಹಂತಗಳನ್ನು ಒಪ್ಪಿಸಿದಳು.

"ಅದು ಗೊತ್ತಾಯ್ತು ಟೀಚರ್. ಯಾಕೆ ಅಂತ?"

ಅಕ್ಕ ಬೋರ್ಡಿನ ಮೇಲಿನ ಹಂತಗಳನ್ನೇ ಇನ್ನೊಮ್ಮೆ ನೋಡಿದಳು; ಯಾಕೆ ಎಂಬುದು ಅಲ್ಲಿರಲಿಲ್ಲ. ಮೇಡಂ ಕಡೆ ಒಮ್ಮೆ ಕಣ್ಣು ಹಾಯಿಸಿ, ಸೀಮೆಸುಣ್ಣವನ್ನು ಮೇಜಿಗೆ ಕುಕ್ಕಿದಳು. "ಎಲ್ಲರಿಗೂ ಅರ್ಥ ಆಗಿದೆ, ನಿನಗೊಬ್ಬಳಿಗೇ ಏನು ಧಾಡಿ? ತಲೇಲಿ ಜೇಡಿಮಣ್ಣು ತುಂಬ್ಕೊಂಡಿದೀಯಾ?"

ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ಕುಸಿದು ಕೂತಳು. ಆ ಮಾತು, ಆ ಕುಕ್ಕು, ಹುಬ್ಬೇರಿಸಿದ ರೀತಿ, ಒಂದೂ ಬಿಡದಂತೆ ಎಲ್ಲವೂ ಮೇಡಂ ಅವರದೇ.

ಗಂಟೆ ಹೊಡೆದ ಮೇಲೆ ಅಕ್ಕ ಓಡಿ ಬಂದಳು. "ಹೇಗಿತ್ತು ಮೇಡಂ?"

"ಲೆಕ್ಕ ಸರಿಯಾಗಿತ್ತು" ಎಂದು ಮೇಡಂ ನೇರ ಆ ಹುಡುಗಿಯ ಹತ್ತಿರ ಹೋದರು. ಪಕ್ಕದಲ್ಲಿ ಕೂತು ಮೆಲ್ಲಗೆ, "ಏನೋ ಕೇಳಿದ್ಯಲ್ಲ ಪುಟ್ಟಿ, ಬಾ, ಇಬ್ಬರೂ ಸೇರಿ ನೋಡೋಣ" ಎಂದರು.

ಹುಡುಗಿ ಪುಸ್ತಕ ಮುಚ್ಚಿದಳು. "ಬೇಡ ಮೇಡಂ. ಅರ್ಥ ಆಯ್ತು."