ಜಿಪ್ಪಕ್ಕನ ಜಾಗ

ನನ್ನ ಅಕ್ಕನನ್ನು ಊರೆಲ್ಲ ಜಿಪ್ಪಕ್ಕ ಅನ್ನುತ್ತದೆ. ಗಡಿಯಾರದಂಗಡಿಯ ಮೆಟ್ಟಿಲ ಪಕ್ಕ, ಫುಟ್‌ಪಾತಿನ ಚಪ್ಪಡಿಯ ಮೇಲೆ ಕೂತು ಚೀಲ, ಸೂಟ್‌ಕೇಸುಗಳ ಜಿಪ್ಪು ಸರಿಮಾಡುತ್ತಾಳೆ. ನಾನು ನಗರಸಭೆಯ ಕಿಟಕಿಯ ಕೆಳಗೆ ಮೇಜು ಹಾಕಿಕೊಂಡ ಟೈಪಿಸ್ಟು. ಊರಿನ ಜಿಪ್ಪೆಲ್ಲ ರಿಪೇರಿ ಮಾಡುವವಳ ತಮ್ಮನ ಚೀಲಕ್ಕೆ ಮಾತ್ರ ಪಿನ್ನು. ಮೂರು ವರ್ಷದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ತಪ್ಪು ನನ್ನದೇ, ಆದರೆ ಪೂರ್ತಿ ನನ್ನದಲ್ಲ. ಅವಳನ್ನು ಅಲ್ಲಿಂದ ಎಬ್ಬಿಸಿ ಎಂದು ಗಡಿಯಾರದಂಗಡಿಯವನು ವರ್ಷಕ್ಕೊಂದು ದೂರು ಕೊಡುತ್ತಿದ್ದ. ಟೈಪ್ ಮಾಡಿಕೊಡುತ್ತಿದ್ದವನು ನಾನು. ನಮ್ಮ ಕಸುಬಿನಲ್ಲಿ ಮುಖ ನೋಡಿ ಮಣೆ ಹಾಕುವಂತಿಲ್ಲ. ಡಾಕ್ಟರು ಶತ್ರುವಿಗೂ ಮದ್ದು ಕೊಡುವುದಿಲ್ಲವೇ? ವಿಷಯ ಗೊತ್ತಾದ ದಿನ ಈ ವಾದ ಅಕ್ಕನ ಮುಂದೆ ನಡೆಯಲಿಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ!" ಅಂದವಳು ಆಮೇಲೆ ತುಟಿ ಬಿಚ್ಚಲಿಲ್ಲ.

ಈ ವರ್ಷ ಹೊಸ ಕಾಯಿದೆ ಬಂತು. ಬೀದಿಯಲ್ಲಿ ಒಂದೇ ಜಾಗದಲ್ಲಿ ಹತ್ತು ವರ್ಷ ದುಡಿದವರಿಗೆ ಪರವಾನಗಿ. ಆಮೇಲೆ ಅವರನ್ನು ಯಾರೂ ಎಬ್ಬಿಸುವಂತಿಲ್ಲ. ಪುರಾವೆ ಕೊಡದವರು ಗಂಟುಮೂಟೆ ಕಟ್ಟಬೇಕು. ಕಾಯಿದೆ ಬರೆದ ಪುಣ್ಯಾತ್ಮರಿಗೆ, ಬೀದಿಯಲ್ಲಿ ಕೂತವರ ಹತ್ತಿರ ಕಾಗದ ಎಲ್ಲಿಂದ ಬರಬೇಕು ಅನ್ನುವುದೊಂದು ಹೊಳೆದಿರಲಿಲ್ಲ.

ಪುರಾವೆ ಕೊಡುವ ಕೊನೆಯ ದಿನ ಅಕ್ಕ ನಗರಸಭೆಯ ಅಧಿಕಾರಿಯ ಮುಂದೆ ನಿಂತಿದ್ದಳು. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು.

"ಕೂತೂ ಕೂತೂ ಕಲ್ಲೇ ಸವೆದುಹೋಗಿದೆ ಸಾರ್, ಬಂದು ನೋಡಿ."

"ಕಲ್ಲಿನ ಮೇಲೆ ಸೀಲಿಲ್ವಲ್ಲಮ್ಮ. ಕಾಗದ ಏನಾದ್ರೂ ಇದೆಯಾ?"

ಆಗ ನನಗೆ ನೆನಪಾಯಿತು, ಕಾರ್ಬನ್ ಪ್ರತಿ! ಟೈಪ್ ಮಾಡಿದ್ದಕ್ಕೆಲ್ಲ ಒಂದೊಂದು ಪ್ರತಿ ಇಟ್ಟುಕೊಳ್ಳುವುದು ನನ್ನ ಹಳೇ ಚಾಳಿ. ಮೇಜಿನ ಕೆಳಗಿನ ಟ್ರಂಕು ತಡಕಿ, ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು ಒಳಗೆ ಓಡಿದೆ.

"ಕಾಗದ ಇದೆ ಸಾರ್, ಹನ್ನೆರಡು ವರ್ಷದ್ದು. ಅಸಲು ನಿಮ್ಮ ಕಪಾಟಲ್ಲೇ ಇದೆ."

ಅಧಿಕಾರಿ ಜೋರಾಗಿ ಓದಿದರು: 'ನಮ್ಮ ಅಂಗಡಿಯ ಮೆಟ್ಟಿಲ ಪಕ್ಕ ಜಿಪ್ಪು ರಿಪೇರಿಯ ಹೆಂಗಸು ಬೆಳಿಗ್ಗೆಯಿಂದ ಸಂಜೆಯವರೆಗೆ, ಒಂದು ದಿನವೂ ತಪ್ಪದೆ ಕೂರುತ್ತಾಳೆ...'

ಕಡತ ತರಿಸಿದರು. ಧೂಳು ಕೊಡವಿದರೆ ಹನ್ನೆರಡೂ ದೂರು ಸೀಲು ಸಮೇತ ಇದ್ದವು. ಒಂದರ ಮೇಲೂ ಕ್ರಮ ಕೈಗೊಂಡಿರಲಿಲ್ಲ. ಸರ್ಕಾರಿ ಸೋಮಾರಿತನಕ್ಕೆ ಜೀವಮಾನದಲ್ಲಿ ಮೊದಲ ಸಲ ಕೈಮುಗಿದೆ.

"ಇದಕ್ಕಿಂತ ಸಾಕ್ಷಿ ಬೇಕೇನ್ರೀ!" ಎಂದು ಅಧಿಕಾರಿ ನಗುತ್ತಲೇ ಸಹಿ ಹಾಕಿದರು.

ಹೊರಗೆ ಬಂದು ಅಕ್ಕ ಪರವಾನಗಿಯನ್ನು ಎರಡೆರಡು ಸಲ ಸವರಿ ನೋಡಿದಳು.

"ಗಡಿಯಾರದಂಗಡಿ ಅಣ್ಣನಿಗೆ ಒಂದು ಥ್ಯಾಂಕ್ಸ್ ಕಾಗದ ಟೈಪ್ ಮಾಡು," ಅಂದಳು. ಮೂರು ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಕಣ್ಣು ತುಂಬಿಬಂತು, ನಗುವೂ ಬಂತು. "ಕಾಪಿ ಇಟ್ಕೊಳ್ಳೋದು ಮರೀಬೇಡ," ಎಂದು ಸೇರಿಸಿದಳು.

ಆಮೇಲೆ ನನ್ನ ಚೀಲದ ಪಿನ್ನು ಕಿತ್ತು, ಒಳಗಿದ್ದದ್ದನ್ನೆಲ್ಲ ನನ್ನ ಮೇಜಿನ ಮೇಲೆ ಸುರಿದು, ಖಾಲಿ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಸಂಜೆ ಬಂದು ತಗೊಂಡು ಹೋಗು. ನಾನು ಅಲ್ಲೇ ಇರ್ತೀನಿ."