ಮೇಲಿನ ಸಾಲಿನ ಖಾಲಿ ಜಾಗ

ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕುಳಿತು ಅವಳು ಊರವರ ಮುಖಗಳನ್ನೆಲ್ಲ ತಿದ್ದುತ್ತಿದ್ದಳು. ಗಂಡ ಮುಂದೆ ಫೋಟೋ ತೆಗೆಯುವವನು, ಇವಳು ಹಿಂದೆ ಕಂಪ್ಯೂಟರಿನಲ್ಲಿ ಅದನ್ನು ಸರಿಪಡಿಸುವವಳು. ಮೊಡವೆ ಅಳಿಸಬೇಕು, ಬೋಳುತಲೆಯ ಹೊಳಪು ತಗ್ಗಿಸಬೇಕು, ಮದುಮಗ ಕಣ್ಣು ಮುಚ್ಚಿಬಿಟ್ಟಿದ್ದರೆ ಇನ್ನೊಂದು ಫೋಟೋದಿಂದ ತೆರೆದ ಕಣ್ಣು ತಂದು ಕೂರಿಸಬೇಕು. ವರ್ಷಗಟ್ಟಲೆ ಈ ಕೆಲಸವನ್ನು ತುಟಿಪಿಟಿಕ್ಕೆನ್ನದೆ ಮಾಡಿದವಳು ಅವತ್ತು ಮಧ್ಯಾಹ್ನ ಮೌಸನ್ನು ಮೇಜಿಗೆ ಕುಕ್ಕಿದ ಸದ್ದಿಗೆ, ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕತ್ತು ನೆಟ್ಟಗೆ ಮಾಡಿ ಕೂತಿದ್ದ ಗಿರಾಕಿ ಬೆಚ್ಚಿಬಿದ್ದ.

ಪರದೆಯ ಮೇಲೆ ಇದ್ದದ್ದು ಮಗಳ ಕ್ಲಾಸಿನ ಗ್ರೂಪ್ ಫೋಟೋ. ಮಕ್ಕಳೆಲ್ಲ ಹಲ್ಲು ಕಿರಿದು ನಿಂತಿದ್ದರು. ಮೇಲಿನ ಸಾಲಿನ ತುದಿಯಲ್ಲಿ ಮಾತ್ರ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಆ ತುದಿ ಅವಳ ಮಗಳದು.

ಮಗಳಿಗೆ ಮನೆಯಲ್ಲಿ ಫ್ಯಾನಮ್ಮ ಅಂತಲೇ ಹೆಸರು, ಅಜ್ಜಿ ಇಟ್ಟದ್ದು. ಮಾತು ಕಲಿತಾಗಿನಿಂದ ಆ ಹುಡುಗಿಗೆ ಫ್ಯಾನೇ ಪ್ರಪಂಚ. ಯಾರ ಮನೆಗೆ ಕರೆದುಕೊಂಡು ಹೋದರೂ ಚೆನ್ನಾಗಿದ್ದೀರಾ ಅನ್ನುವ ಮಾತಿಲ್ಲ. ತಲೆಯೆತ್ತಿ ನೋಡಿ, "ನಿಮ್ಮ ಫ್ಯಾನಿನ ಕಂಡೆನ್ಸರ್ ಹೋಗ್ತಾ ಇದೆ" ಅನ್ನುತ್ತಾಳೆ. ಅದು ನಿಜವೂ ಆಗಿರುತ್ತದೆ, ತೊಂದರೆಯೇ ಅದು. ಗದ್ದಲವಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಯಾರಾದರೂ ಮಾತಾಡಿಸಿದರೆ ಅವರ ಭುಜದಾಚೆ ಎಲ್ಲೋ ನೋಡುತ್ತಾ ಉತ್ತರ ಕೊಡುತ್ತಾಳೆ. ಒಮ್ಮೆ ಅಮ್ಮ ಯಾಕೆಂದು ಕೇಳಿದ್ದಳು. "ನಿನ್ನ ಕಣ್ಣು ನೋಡಿದ್ರೆ ನಿನ್ನ ಮಾತು ಕೇಳ್ಸಲ್ಲಮ್ಮ. ಯಾವ್ದಾದ್ರೂ ಒಂದು ಮಾಡ್ತೀನಿ" ಎಂದಿದ್ದಳು ಮಗಳು. ಇದಕ್ಕಿಂತ ಬಿಡಿಸಿ ಯಾರು ಹೇಳಿಯಾರು?

ಹೋದ ವರ್ಷ ಡಾಕ್ಟರೂ ಅದನ್ನೇ ಹೇಳಿದ್ದರು. "ಆಸ್ಪರ್ಜರ್ ಅಂತಿದ್ರು, ಈಗ ಆಟಿಸಂ ಅನ್ನೋದ್ರಲ್ಲೇ ಸೇರಿಸ್ತಾರೆ. ಔಷಧಿ ಕೊಟ್ಟು ವಾಸಿ ಮಾಡೋಕೆ ಇದು ಕಾಯಿಲೆ ಅಲ್ಲಮ್ಮ. ಅವಳು ಪ್ರಪಂಚನ ತಗೊಳ್ಳೋ ರೀತಿನೇ ಬೇರೆ. ನಮಗೆ ಸಾಧಾರಣ ಅನ್ಸೋ ಸದ್ದು ಅವಳಿಗೆ ತಲೆ ಒಡೆಯೋ ಹಾಗಿರಬಹುದು. ಹೇಳದೆ ಕೇಳದೆ ಮೈ ಮುಟ್ಟಬೇಡಿ, ಕಣ್ಣಲ್ಲಿ ಕಣ್ಣಿಡು ಅಂತ ಬಲವಂತ ಮಾಡಬೇಡಿ."

ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಗಂಡ, "ಈ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದ. ಅವಳು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಮಾರನೆಯ ದಿನವೇ ಶಾಲೆಗೆ ಹೋಗಿ ಕ್ಲಾಸ್ ಟೀಚರಿಗೆ ಎಲ್ಲವನ್ನೂ ಹೇಳಿ ಬಂದಿದ್ದಳು. "ಓ, ಹೌದಾ? ನಾವು ನೋಡ್ಕೋತೀವಿ ಬಿಡಿ" ಎಂದಿದ್ದರು ಟೀಚರ್. ನೋಡಿಕೊಂಡ ಚಂದ ಈಗ ಪರದೆಯ ಮೇಲಿತ್ತು!

ಗಿರಾಕಿ ಹೋದ ಮೇಲೆ ಗಂಡ ಒಳಗೆ ಬಂದ. "ಏನೇ ಅದು ಸದ್ದು?"

"ನಿನ್ನೆ ಇವಳು ಶಾಲೆಗೆ ಹೋಗಿರ್ಲಿಲ್ವಾ?"

"ಹೋಗಿದ್ಲಲ್ಲ. ಫ್ಯಾನ್ ನೋಡ್ಕೊಂಡು ನಿಂತಿದ್ಲು. ಟೀಚರ್ ಗದ್ದ ಹಿಡಿದು ಈ ಕಡೆ ತಿರುಗಿಸಿದ್ರು ನೋಡು, ಕಿರುಚಿ ಅಲ್ಲೇ ಕುಕ್ಕರಿಸ್ಬಿಟ್ಲು. ಎಲ್ಲಾ ಮಕ್ಕಳೂ ನಗೋಕೆ ಶುರು. 'ಆಚೆ ನಿಲ್ಸೋಣ ಸರ್, ನೀವು ಆಮೇಲೆ ಸೇರಿಸ್ಕೊಳ್ಳಿ' ಅಂದ್ರು ಟೀಚರ್. ಸರಿ ಅಂದೆ. ಅಬ್ಸೆಂಟ್ ಆದವರಿಗೆ ಮಾಡ್ತೀವಲ್ಲ, ಹಾಗೇ ಮಾಡ್ಬಿಡು. ಅವಳ ಪಾಸ್‌ಪೋರ್ಟ್ ಫೋಟೋ ಇದೆಯಲ್ಲ."

ಶಾಲೆಯ ಫೋಟೋ ತೆಗೆಯುವವರೆಲ್ಲ ಮಾಡುವ ಕೆಲಸವೇ ಅದು. ಜ್ವರ ಬಂದು ಮಲಗಿದ ಮಗುವಿಗೆ ಸಾಲಿನಲ್ಲಿ ಒಂದು ಜಾಗ ಬಿಟ್ಟಿರುತ್ತಾರೆ. ಆಮೇಲೆ ಇನ್ಯಾರದೋ ಯೂನಿಫಾರಂ ತೊಟ್ಟ ಮೈ ತಂದು, ಅದರ ಮೇಲೆ ಈ ಮಗುವಿನ ತಲೆ ಕೂರಿಸುತ್ತಾರೆ. ಅಪ್ಪನಾದವನು ಎದುರಿಗೇ ನಿಂತಿದ್ದ ಸ್ವಂತ ಮಗಳನ್ನು ಅಬ್ಸೆಂಟ್ ಮಾಡಿ, ಕೈ ತೊಳೆದುಕೊಂಡು ಬಂದಿದ್ದ. ಸಾಲದ್ದಕ್ಕೆ ಆ ಪಾಸ್‌ಪೋರ್ಟ್ ಫೋಟೋ ಬೇರೆ! "ಇಲ್ಲಿ ನೋಡು, ಇಲ್ಲಿ ನೋಡು" ಅಂತ ಇವನು ಗದರಿ ಗದರಿ ತೆಗೆದದ್ದು. ಅದರಲ್ಲಿ ಮಗಳ ಕಣ್ಣಂಚಿನಲ್ಲಿದ್ದ ನೀರನ್ನು ಅಳಿಸಿದವಳು ಇವಳೇ.

"ಒಂದು ತಿಂಗಳಿಂದ ಸ್ಟೂಲ್ ಹತ್ತಿ ನಿಂತ್ಕೊಳ್ಳೋದು ಕಲೀತಿದ್ಲು ರೀ, ಮೇಲಿನ ಸಾಲಲ್ಲಿ ನಿಲ್ಲೋಕೆ. ನಾಚಿಕೆ ಆಗ್ಲಿಲ್ವಾ ನಿಮಗೆ?"

"ಏನ್ ಮಾಡಬೇಕಿತ್ತು ಹೇಳು! ಇನ್ನೂ ಬೇರೆ ಕ್ಲಾಸಿನವರು ಹೊರಗೆ ಕಾಯ್ತಿದ್ರು. ಒಂದು ಫೋಟೋಗೆ ಇಷ್ಟು ರಂಪ ಮಾಡ್ತಾರಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಬ್ಯಾಗನ್ನು ದಿನವೂ ಇಡುವ ಮೂಲೆಯಲ್ಲೇ ಇಟ್ಟು, ಪರದೆಯ ಮುಂದೆ ನಿಂತು, ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಇದು ನನ್ನ ಜಾಗ."

"ಹೌದು ಕಂದ" ಎಂದ ಗಂಡ, ಗಿರಾಕಿಗಳ ಜೊತೆ ಮಾತಾಡುವ ಮೆತ್ತನೆಯ ದನಿಯಲ್ಲಿ. "ಅಮ್ಮ ನಿನ್ನ ಸೇರಿಸ್ತಾಳೆ. ಶಾಲೆಗೆ ಬರದೇ ಇರೋ ಮಕ್ಕಳನ್ನ ಸೇರಿಸ್ತೀವಲ್ಲ, ಹಾಗೆ."

"ನಾನು ಬಂದಿದ್ದೆ. ಬಾಗಿಲ ಹತ್ರ ಇದ್ದೆ. ನೀನು ನನ್ನ ನೋಡಿದೆ ಅಪ್ಪ. ಆಮೇಲೆ ಫೋಟೋ ತೆಗ್ದೆ."

ಅಳುವಿಲ್ಲ, ಸಿಟ್ಟಿಲ್ಲ. ಯಾವುದೋ ಮನೆಯ ಫ್ಯಾನ್ ಕೆಟ್ಟಿದೆ ಎಂದು ಹೇಳುವ ಹಾಗೆಯೇ ಹೇಳಿದಳು.

"ಆ ತುದಿಗೆ ಗೋಡೆ ಫ್ಯಾನ್ ಇದೆ" ಎಂದು ಮಗಳು ಮುಂದುವರಿಸಿದಳು. "ಅದರ ಸದ್ದು ಕೇಳ್ತಿದ್ರೆ ಗಲಾಟೆ ಕೇಳ್ಸಲ್ಲ. ಟೀಚರ್ ಮುಖ ಹಿಡ್ಕೊಂಡ್ರು. ಎಲ್ಲರೂ ಕೂಗಿದ್ರು. ಫ್ಯಾನ್ ಕೇಳಿಸ್ಲಿಲ್ಲ. ನನ್ನ ಯಾಕೆ ಆಚೆ ನಿಲ್ಸಿದ್ರಿ? ನಾನೇನು ಮಾಡ್ದೆ?"

ಅಷ್ಟು ಕೇಳಿ ಹುಡುಗಿ ಕೈಕಾಲು ತೊಳೆಯಲು ಹೋದಳು.

ಅಮ್ಮ ಕ್ಯಾಮೆರಾದಲ್ಲಿದ್ದ ಆ ದಿನದ ಫೋಟೋಗಳನ್ನೆಲ್ಲ ಮೊದಲಿನಿಂದ ತೆರೆಯುತ್ತಾ ಹೋದಳು. ತೀರಾ ಮೊದಲನೆಯದು, ಬೆಳಕು ಸರಿಯಿದೆಯೇ ಎಂದು ನೋಡಲು ಸುಮ್ಮನೆ ತೆಗೆದದ್ದು. ಇಂಥವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಯಾರಿಗೂ ಇನ್ನೂ ನಗು ಎಂದು ಹೇಳಿರಲಿಲ್ಲ. ಒಬ್ಬ ಆಕಳಿಸುತ್ತಿದ್ದ. ಒಬ್ಬಳು ಪಕ್ಕದವಳ ಜಡೆ ಎಳೆಯುತ್ತಿದ್ದಳು. ಟೀಚರ್ ಬೆರಳೆತ್ತಿ, ಗಂಟಲವರೆಗೂ ಕಾಣುವಂತೆ ಬಾಯಿ ತೆರೆದು ಯಾರನ್ನೋ ಗದರುತ್ತಿದ್ದರು. ಮೇಲಿನ ಸಾಲಿನ ತುದಿಯಲ್ಲಿ ಫ್ಯಾನಮ್ಮ. ತಲೆಯೆತ್ತಿ ಗೋಡೆ ಫ್ಯಾನನ್ನು ನೋಡುತ್ತಾ, ಬಿದ್ದ ಹಲ್ಲಿನ ಕಿಂಡಿ ಕಾಣುವಂತೆ ನಗುತ್ತಿದ್ದಳು. ಇಷ್ಟು ವರ್ಷ ಈ ಸ್ಟುಡಿಯೋದಲ್ಲಿ ಅಪ್ಪ ಕುಣಿದು ಕುಪ್ಪಳಿಸಿದರೂ ಬಾರದ ನಗು ಅದು.

"ಇದನ್ನೇ ಕೊಡೋದು. ಏನೂ ತಿದ್ದಲ್ಲ" ಎಂದಳು.

"ಟೀಚರ್ ಬಾಯಿ ನೋಡೇ! ಮುಂದಿನ ವರ್ಷ ಆ ಶಾಲೆಯವರು ನಮ್ಮನ್ನ ಒಳಗೆ ಬಿಡಲ್ಲ."

"ಬಿಡದಿದ್ರೆ ಬಾಗಿಲ ಹತ್ರ ನಿಂತ್ಕೊಳ್ಳಿ. ಮಗಳು ನಿಂತಿರ್ಲಿಲ್ವಾ?"

ಅವನು ತಲೆ ತಗ್ಗಿಸಿದ. ಚೌಕಟ್ಟು ಹಾಕಿಕೊಟ್ಟವನು ಅವನೇ.

ಮರುದಿನ ಗಂಡ ಹೆಂಡತಿ ಇಬ್ಬರೂ ಅದನ್ನು ಶಾಲೆಗೆ ಒಯ್ದರು. ಹೆಡ್‌ಮಿಸ್ ಫೋಟೋ ನೋಡಿ ಮುಖ ಸಿಂಡರಿಸಿದರು. "ಏನ್ರೀ ಇದು? ಇದನ್ನ ಗೋಡೆಗೆ ಹಾಕೋಕಾಗುತ್ತಾ?" ಪಕ್ಕದಲ್ಲಿದ್ದ ಕ್ಲಾಸ್ ಟೀಚರ್ ಕೆಂಪಾಗಿ, "ಆಮೇಲೆ ತೆಗೆದದ್ದು ಚೆನ್ನಾಗಿತ್ತಲ್ಲ ಸರ್?" ಎಂದರು.

"ಅದರಲ್ಲಿ ನನ್ನ ಮಗಳಿಲ್ಲ" ಎಂದಳು ಅವಳು.

"ಸೇರಿಸಿ ಅಂತ ಹೇಳಿದ್ರಲ್ಲಮ್ಮ. ಒಂದು ಮಗುಗೋಸ್ಕರ ಇಡೀ ಕ್ಲಾಸ್ ಫೋಟೋ ಹಾಳು ಮಾಡೋದಾ?" ಎಂದರು ಹೆಡ್‌ಮಿಸ್.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಒಂದು ಮಗು ಅಲ್ಲ ಮೇಡಂ, ನಿಮ್ಮ ಶಾಲೆಯ ಮಗು! ಮುಖ ಮುಟ್ಟಬೇಡಿ, ಬಲವಂತ ಮಾಡಬೇಡಿ ಅಂತ ಹೋದ ವರ್ಷವೇ ಇವರ ಮುಂದೆ ನಿಂತು ಹೇಳಿದ್ದೆ. ಒಂದು ನಿಮಿಷ ಸುಮ್ಮನೆ ಬಿಟ್ಟಿದ್ರೆ ಅವಳು ಹೀಗೆ ನಿಂತಿರ್ತಿದ್ಲು. ನೋಡಿ, ಹೇಗೆ ನಿಂತಿದಾಳೆ!"

ಹೆಡ್‌ಮಿಸ್ ಗಂಡನ ಕಡೆ ತಿರುಗಿದರು. ಅವನು ಯಾವತ್ತೂ 'ಮೇಡಂ ಹೇಳಿದ ಹಾಗೆ' ಅನ್ನುವ ಆಸಾಮಿ. ಈಗಲೂ ಅದೇ ವಿನಯದಲ್ಲಿ ಕೈ ಕಟ್ಟಿ ನಿಂತ.

"ಹಾಗಾದ್ರೆ ಒಂದು ಕೆಲಸ ಮಾಡೋಣ ಮೇಡಂ. ಮತ್ತೆ ತೆಗೀತೀನಿ. ಟೀಚರ್‌ನ ಬಾಗಿಲ ಹತ್ರ ನಿಲ್ಸೋಣ. ಆಮೇಲೆ ಒಂದು ನಗ್ತಿರೋ ಫೋಟೋ ಕೊಟ್ರೆ, ಅಂಟಿಸ್ಕೋತೀವಿ."

"ನನ್ನ ಯಾಕೆ ಆಚೆ ನಿಲ್ಸ್ತೀರಿ?" ಟೀಚರ್ ದನಿ ಏರಿತು. "ನಾನೇನು ಮಾಡಿದೆ?"

"ನನ್ನ ಮಗಳೂ ಇದನ್ನೇ ಕೇಳಿದ್ಲು" ಎಂದ ಅವನು.

ಹೆಡ್‌ಮಿಸ್ ಫೋಟೋವನ್ನು ಮೇಜಿನ ಮೇಲೆ ಮಗುಚಿಟ್ಟರು. ಅವಳಿಗೆ ಗಂಡನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮನೆಗೆ ಹೋದ ಮೇಲೆ ಅವನಿಗೆ ಇನ್ನೂ ಕಾದಿತ್ತು. ಆದರೆ ಅದು ಆಮೇಲಿನ ಮಾತು. ಫೋಟೋವನ್ನು ಮತ್ತೆ ನೆಟ್ಟಗೆ ತಿರುಗಿಸಿಟ್ಟು, ಬ್ಯಾಗಿನಿಂದ ಸುತ್ತಿಗೆ ತೆಗೆದಳು.

"ಮೊಳೆ ಎಲ್ಲಿ ಹೊಡೀಲಿ, ಹೇಳಿ."