ಅಮ್ಮನ ಹತ್ತಿರ ಹೂ ಕೇಳಿ ಸ್ಕೂಲು ಹುಡುಕಿದ್ದು

ಇದನ್ನು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಓದುವವರು ಮನ್ನಿಸಬೇಕು. ಹಗಲು ತಮಿಳು ಸೀಮೆಯ ಓಮಲೂರಿನ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಾ, ಸಂಜೆ ಕ್ಲಾಸಿಗೆ ಹೋಗಿ ಡಿಗ್ರಿ ಮುಗಿಸಿದವಳು ನಾನು. ಆದರೆ ನನ್ನ ತಮ್ಮ ಮಾದೇಶ, ಅವನ ಹೆಂಡತಿ ಭಾಗ್ಯಲಕ್ಷ್ಮಿ ಇಬ್ಬರೂ ಮಗಳ ಸ್ಕೂಲಿಗಾಗಿ ನನ್ನ ತಲೆ ತಿಂದದ್ದನ್ನು ಯಾರಿಗಾದರೂ ಹೇಳದೆ ಇರಲಾರೆ.

ಮಾದೇಶ ಕಡಯಂಪಟ್ಟಿ ಹತ್ತಿರ ಕುರಿ ಸಾಕುತ್ತಾನೆ. ಕುರಿ ಮಾರಿಯಾದರೂ ಮಗಳು ಮೇನಕಾಳನ್ನು ವ್ಯಾನು ಬರುವ ಇಂಗ್ಲಿಷ್ ಸ್ಕೂಲಿಗೇ ಹಾಕಬೇಕೆಂದು ಅವನ ಹಟ. ನಮ್ಮ ಬೀದಿಯ ಸರ್ಕಾರಿ ಸ್ಕೂಲೇ ಸಾಕೆಂದು ಭಾಗ್ಯಲಕ್ಷ್ಮಿಯ ಹಟ.

"ವ್ಯಾನ್ ಸ್ಕೂಲಲ್ಲಿ ಕುರಿಯೋರ ಮಗ್ಳು ಅಂತ ಮೂಲೇಲಿ ಕೂರಿಸ್ತಾರೆ ಅತ್ತಿಗೆ."

"ಸರ್ಕಾರಿ ಸ್ಕೂಲ್ನಾಗೆ ಓದಿ ನಾನೇನು ಕಲೆಕ್ಟರ್ ಆದ್ನಾ?"

ಕೊನೆಗೆ ಮಾರಮ್ಮನ ಗುಡಿಯಲ್ಲಿ ಹೂ ಕೇಳಲು ಹೋದೆವು. ಒಂದು ಪೊಟ್ಟಣದಲ್ಲಿ ಕೆಂಪು ಹೂ, ಇನ್ನೊಂದರಲ್ಲಿ ಬಿಳಿ. ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಮಗು ಒಂದನ್ನು ಎತ್ತಬೇಕು. ಬಿಳಿ ಬಂದರೆ ಅಮ್ಮನ ಒಪ್ಪಿಗೆ. ಮೇನಕಾ ಎತ್ತಿದಳು. ಬಿಳಿ.

"ನೋಡ್ದಾ ಅಕ್ಕಾ? ವ್ಯಾನ್ ಸ್ಕೂಲೇ ಅಂತ ಅಮ್ಮ ಏಳ್ಬುಟ್ಲು!" ಎಂದ ಮಾದೇಶ.

"ಅಯ್ಯೋ, ನಾನು ಕೇಳಿದ್ದು ಸರ್ಕಾರಿ ಸ್ಕೂಲ್ಗೆ ಆಕ್ಬೋದಾ ಅಂತ!" ಎಂದಳು ಭಾಗ್ಯಲಕ್ಷ್ಮಿ.

"ಗಂಡಸು ಕೇಳಿದ್ದೇ ಲೆಕ್ಕ ಕಣೇ."

"ಅಮ್ಮ ಎಂಗಸಲ್ವಾ? ನನ್ ಮಾತೇ ಮೊದ್ಲು ಕೇಳಿರ್ತಾಳೆ."

"ಲೇ, ಯಾವ್ದು ಕೇಳೋದು ಅಂತ ಮೊದ್ಲೇ ಮಾತಾಡ್ಕೊಂಡು ಬರ್ಬಾರ್ದಾ?" ಎಂದೆ.

"ಬಾಯ್ಬಿಟ್ಟು ಏಳಿದ್ರೆ ಪಲಿಸಲ್ಲ," ಎಂದರು ಇಬ್ಬರೂ. ಇದೊಂದರಲ್ಲಿ ಮಾತ್ರ ಅವರಿಗೆ ಜಗಳವಿಲ್ಲ.

ಒಂದೇ ದಿನ ಎರಡು ಸಲ ಕೇಳುವಂತಿಲ್ಲ ಎಂದರು ಪೂಜಾರಿ ಪಳನಿಯಪ್ಪನ್. ಅಡ್ಮಿಷನ್ ಮುಗಿಯುತ್ತಾ ಬಂದಿತ್ತು. ನನಗೆ ಸಾಕಾಗಿ, ಮೂವರನ್ನೂ ವ್ಯಾನ್ ಸ್ಕೂಲಿಗೇ ಎಳೆದುಕೊಂಡು ಹೋದೆ. ಅಲ್ಲಿ ಸೀಟು ಸಿಕ್ಕರೆ ಆಮೇಲೆ ಜಗಳವಾಡಲಿ ಎಂದು.

ಆಫೀಸಿನ ಮೇಡಂ ಮನೆಯಲ್ಲಿ ಯಾವ ಭಾಷೆ ಎಂದು ತಮಿಳಿನಲ್ಲಿ ಕೇಳಿದರು. ಕನ್ನಡ ಎಂದ ಮಾದೇಶ. ಏನು ಕೆಲಸ ಎಂದರು. ಕುರಿ ಎಂದ. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಇಂಗ್ಲಿಷ್ ವಾಕ್ಯ ಅರ್ಧಕ್ಕೇ ನಿಂತುಹೋಯಿತು. ಮೇಡಂ ನಕ್ಕರು, ಒಳ್ಳೆಯ ನಗೆಯೇ. "ಸೀಟ್ ಫುಲ್," ಎಂದರು.

ನಾವು ಹೊರಬರುವಾಗ ರೈಸ್ ಮಿಲ್ಲಿನವರು ಮಗನ ಕೈ ಹಿಡಿದುಕೊಂಡು ಒಳಗೆ ಹೋದರು. ಮೇಡಂ ಎದ್ದು ನಿಂತರು.

ಗೇಟಿನಲ್ಲಿ ಮಾದೇಶ ಹೆಂಡತಿಯ ಕಡೆ ನೋಡದೆ, "ಆಯ್ತು ನಡಿ, ನಿನ್ ಸ್ಕೂಲೇ ಆಗ್ಲಿ," ಎಂದ. ಗೆದ್ದವಳು ಸುಮ್ಮನೆ ನಡೆಯಬಾರದೇ? ಭಾಗ್ಯಲಕ್ಷ್ಮಿ ಅಲ್ಲೇ ನಿಂತಳು.

"ಒಳಗೆ ಓಗಿ ಇನ್ನೊಂದ್ಸಲ ಕೇಳು."

"ನಿಂಗೆ ಬೇಡ್ವಾಗಿತ್ತಲ್ಲೇ!"

"ಬೇಡ ಅಂತ ನಾವು ಏಳ್ಬೇಕು. ಅವ್ರು ಯಾರು ಏಳಕ್ಕೆ?"

ಅವನು ಹೋಗಲಿಲ್ಲ. ಮಾರನೆಯ ದಿನ ಮೇನಕಾ ಸರ್ಕಾರಿ ಸ್ಕೂಲು ಸೇರಿದಳು. ಅವಳನ್ನು ಬಿಟ್ಟು ಬಂದ ತಾಯಿ, "ಅವ್ರು ಯಾರು ಏಳಕ್ಕೆ?" ಎಂದು ಇಡೀ ದಿನ ಗೊಣಗುತ್ತಲೇ ಇದ್ದಳು.

ರೈಸ್ ಮಿಲ್ಲಿನವರು ಸೀಟಿಗೆ ಮೊದಲೇ ಹೇಳಿಟ್ಟಿರಬಹುದು. ನನ್ನ ಇಂಗ್ಲಿಷೇ ಕೆಡಿಸಿರಬಹುದು. ಸೀಟು ನಿಜವಾಗಿಯೂ ತುಂಬಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.